ಮಹಜರಿನಲ್ಲಿ ಇಲ್ಲದ ಶಾಲು

ಪ್ರಶ್ನೆ: ಲಂಡನ್ನಿನ ಜ್ಯಾಕ್ ದಿ ರಿಪ್ಪರ್ ಯಾರು ಅನ್ನುವುದು ಒಂದು ಹಳೇ ಶಾಲಿನ ಡಿಎನ್‌ಎಯಿಂದ ಗೊತ್ತಾಗಿದೆ, ಕೇಸು ಮುಗಿಯಿತು ಅಂತ ವಾಟ್ಸಾಪಿನಲ್ಲಿ ಓದಿದೆ. ನಿಜವೇ? ಕೊಲೆಗಾರ ವಿಕ್ಟೋರಿಯಾ ರಾಣಿಯ ಮೊಮ್ಮಗನೇ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅಷ್ಟು ಹೆಸರುವಾಸಿ ಸ್ಕಾಟ್ಲೆಂಡ್ ಯಾರ್ಡ್ ಕೈಗೆ ಅವನು ಯಾಕೆ ಸಿಗಲಿಲ್ಲ?

ಉತ್ತರ: ಕೇಸು ಮುಗಿದಿಲ್ಲ. ಮೊಮ್ಮಗನೂ ಅಲ್ಲ. ಯಾಕೆ ಸಿಗಲಿಲ್ಲ ಅನ್ನುವುದು ಮಾತ್ರ ಸ್ವಲ್ಪ ಉದ್ದದ ಕಥೆ.

ನಾನು ಇತಿಹಾಸ ಓದಿದವನಲ್ಲ. ಸರ್ವಿಸಿನ ಬಹುಪಾಲು ಕಳೆದದ್ದು ಫೋರೆನ್ಸಿಕ್ ಲ್ಯಾಬಿನಲ್ಲಿ, ಕಲೆಯಾದ ಬಟ್ಟೆಗಳ ಜೊತೆ. ಹಾಗಾಗಿ ಯಾರಾದರೂ "ಶಾಲು ಸಿಕ್ಕಿದೆ" ಅಂದರೆ ನಾನು ಮೊದಲು ಕೇಳುವುದು ಡಿಎನ್‌ಎ ಬಗ್ಗೆ ಅಲ್ಲ. ಮಹಜರು ಎಲ್ಲಿ ಅಂತ ಕೇಳುತ್ತೇನೆ. ಆ ಬಟ್ಟೆಯನ್ನು ಎಲ್ಲಿ ತೆಗೆದುಕೊಂಡರು, ಯಾವಾಗ, ಯಾರ ಎದುರಿಗೆ, ಅರಗಿನ ಮುದ್ರೆ ಹಾಕಿದ್ದು ಯಾರು, ಆಮೇಲೆ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಇದು ಗೊತ್ತಿಲ್ಲದಿದ್ದರೆ ಬಟ್ಟೆಯ ಮೇಲೆ ಏನೇ ಸಿಕ್ಕಿದರೂ ಕೋರ್ಟಿನಲ್ಲಿ ಅದು ಬರೀ ಬಟ್ಟೆ. ಒಮ್ಮೆ ನಮ್ಮಲ್ಲಿಗೆ ಒಂದು ಠಾಣೆಯಿಂದ ರಕ್ತದ ಕಲೆಯ ಪಂಚೆ ಬಂದಿತ್ತು. ಮುದ್ರೆ ಒಡೆದಿತ್ತು, ಚೀಟಿಯಲ್ಲಿ "ಲುಂಗಿ" ಅಂತ ಬರೆದಿತ್ತು. ಪರೀಕ್ಷೆ ಸರಿಯಾಗಿಯೇ ಬಂತು. ಕೇಸು ಬಿದ್ದುಹೋಯಿತು. ಎದುರು ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಲುಂಗಿ ಪಂಚೆ ಆಗಿದ್ದು ಯಾವಾಗ ಸ್ವಾಮಿ?"

ಈಗ ಲಂಡನ್ನಿಗೆ ಬರೋಣ. 1888ರ ಆಗಸ್ಟ್ 31ರಿಂದ ನವೆಂಬರ್ 9ರ ನಡುವೆ, ನಗರದ ಪೂರ್ವ ಭಾಗದ ವೈಟ್‌ಚಾಪೆಲ್ ಸುತ್ತಮುತ್ತ, ಐದು ಹೆಂಗಸರ ಕೊಲೆಯಾಯಿತು. ಮೇರಿ ಆನ್ ನಿಕೋಲ್ಸ್, ಆನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್, ಮೇರಿ ಜೇನ್ ಕೆಲ್ಲಿ. ಎಲ್ಲರ ಗಂಟಲೂ ಕೊಯ್ದಿತ್ತು. ಸ್ಟ್ರೈಡ್ ಒಬ್ಬಳನ್ನು ಬಿಟ್ಟು ಉಳಿದವರ ಹೊಟ್ಟೆಯನ್ನೂ ಸೀಳಿದ್ದರು. ಪೊಲೀಸರ "ವೈಟ್‌ಚಾಪೆಲ್ ಕೊಲೆಗಳು" ಕಡತದಲ್ಲಿ ಇರುವುದು ಐದಲ್ಲ, ಹನ್ನೊಂದು ಹೆಂಗಸರು. 1888ರ ಏಪ್ರಿಲ್‌ನಿಂದ 1891ರ ಫೆಬ್ರವರಿವರೆಗೆ. ಅವುಗಳಲ್ಲಿ ಐದು ಮಾತ್ರ ಒಬ್ಬನದೇ ಕೆಲಸ ಅನ್ನುವುದು ಆಮೇಲೆ ಒಬ್ಬ ಅಧಿಕಾರಿ ಬರೆದಿಟ್ಟ ಅಭಿಪ್ರಾಯ. ಆತನ ವಿಷಯ ಮುಂದೆ ಬರುತ್ತದೆ.

ನೀವು ಕೇಳಿದ ಶಾಲು ಇವರಲ್ಲಿ ಕ್ಯಾಥರೀನ್ ಎಡೋಸ್‌ಳದು ಅಂತ ಹೇಳುತ್ತಾರೆ. ಆಕೆಗೆ 46 ವರ್ಷ. ಜಾನ್ ಕೆಲ್ಲಿ ಅನ್ನುವವನ ಜೊತೆ ಇದ್ದಳು. ಇಬ್ಬರೂ ಕೆಂಟ್ ಕಡೆ ಹಾಪ್ಸ್ ಕೊಯ್ಲಿಗೆ ಕೂಲಿಗೆ ಹೋಗಿ, ಬರಿಗೈಯಲ್ಲಿ ವಾಪಸ್ ಬಂದಿದ್ದರು. ಬಿಯರಿಗೆ ಹಾಕುವ ಹಾಪ್ಸ್ ಹೂ ಕೀಳಲು ಲಂಡನ್ನಿನ ಬಡವರು ಪ್ರತಿ ವರ್ಷ ಹಳ್ಳಿಗೆ ಹೋಗುತ್ತಿದ್ದರು, ನಮ್ಮಲ್ಲಿ ಕಾಫಿ ಕೊಯ್ಲಿಗೆ ಘಟ್ಟಕ್ಕೆ ಹೋಗುವ ಹಾಗೆ. ಊಟಕ್ಕೆ ದುಡ್ಡಿಲ್ಲದೆ ಕೆಲ್ಲಿಯ ಬೂಟನ್ನು ಎರಡೂವರೆ ಶಿಲ್ಲಿಂಗಿಗೆ ಗಿರವಿ ಇಟ್ಟರು.

ಸೆಪ್ಟೆಂಬರ್ 29ರ ರಾತ್ರಿ ಎಂಟೂವರೆ ಹೊತ್ತಿಗೆ ಆಕೆ ಕುಡಿದು ರಸ್ತೆಯಲ್ಲಿ ಬಿದ್ದಿದ್ದಳು. ಪೊಲೀಸರು ಬಿಷಪ್ಸ್‌ಗೇಟ್ ಠಾಣೆಗೆ ಎತ್ತಿಕೊಂಡು ಹೋದರು. ಹೆಸರೇನು ಅಂದರೆ "ಏನೂ ಇಲ್ಲ" ಅಂದಳು. ನಿಶೆ ಇಳಿದ ಮೇಲೆ, ರಾತ್ರಿ ಒಂದು ಗಂಟೆಗೆ ಬಿಟ್ಟು ಕಳಿಸಿದರು. ಹೋಗುವಾಗ ಗಂಟೆ ಎಷ್ಟು ಅಂತ ಕೇಳಿದಳು. "ಇನ್ನು ಕುಡಿಯೋಕೆ ಸಿಗದಷ್ಟು ಹೊತ್ತಾಗಿದೆ" ಅಂದ ಲಾಕಪ್ ನೋಡಿಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಹಟ್. ಬಾಗಿಲು ಎಳೆದುಕೊಂಡು ಹೋಗಮ್ಮ ಅಂದ. ಗುಡ್‌ನೈಟ್ ಕಣಯ್ಯ ಅನ್ನುವ ಧಾಟಿಯಲ್ಲಿ ಏನೋ ತಮಾಷೆ ಮಾಡಿ ಹೊರಟಳು.

ಅಷ್ಟು ಹೊತ್ತಿಗೆ ಸರಿಯಾಗಿ, ಸ್ವಲ್ಪ ದೂರದ ಬರ್ನರ್ ಸ್ಟ್ರೀಟಿನ ಒಂದು ಅಂಗಳಕ್ಕೆ ಒಬ್ಬ ವ್ಯಾಪಾರಿ ಕುದುರೆಗಾಡಿ ತಿರುಗಿಸುತ್ತಿದ್ದ. ಕುದುರೆ ಬೆದರಿ ನಿಂತಿತು. ಅಲ್ಲಿ ಸ್ಟ್ರೈಡ್‌ಳ ಹೆಣ ಇತ್ತು.

ಮೈಟರ್ ಸ್ಕ್ವೇರ್ ಅಂದರೆ ಮೂರು ಕಡೆ ದಾರಿ ಇರುವ ಒಂದು ಸಣ್ಣ ಚೌಕ. ಸುತ್ತ ಗೋದಾಮುಗಳು. ಕಾನ್‌ಸ್ಟೇಬಲ್ ಎಡ್ವರ್ಡ್ ವಾಟ್ಕಿನ್ಸ್‌ನ ಬೀಟು ಅದು. ಒಂದೂವರೆಗೆ ಬಂದು ಸೊಂಟದ ಲಾಟೀನು ಹಾಯಿಸಿ ಮೂಲೆ ಮೂಲೆ ನೋಡಿದ, ಏನೂ ಇರಲಿಲ್ಲ. ಒಂದು ಸುತ್ತು ಹಾಕಿ 1 ಗಂಟೆ 44 ನಿಮಿಷಕ್ಕೆ ಮತ್ತೆ ಬಂದ. ಮೂಲೆಯಲ್ಲಿ ಎಡೋಸ್ ಸತ್ತು ಬಿದ್ದಿದ್ದಳು. ಎದುರಿನ ಗೋದಾಮಿನ ಕಾವಲುಗಾರ ಬಾಗಿಲು ಓರೆ ಮಾಡಿಕೊಂಡು ಕಸ ಗುಡಿಸುತ್ತಿದ್ದ, ಅವನೂ ಮಾಜಿ ಪೊಲೀಸು. ಅವನಿಗೆ ಒಂದು ಸದ್ದೂ ಕೇಳಿಸಿರಲಿಲ್ಲ. ಹತ್ತಿರದ ಓಣಿಯ ಬಾಯಲ್ಲಿ ಒಂದು ಮೂವತ್ತೈದರ ಸುಮಾರಿಗೆ ಒಂದು ಗಂಡು, ಒಂದು ಹೆಣ್ಣು ನಿಂತಿದ್ದನ್ನು ಜೋಸೆಫ್ ಲವೆಂಡೆ ಅನ್ನುವವನು ನೋಡಿದ್ದ. ಮತ್ತೆ ನೋಡಿದರೆ ಗುರುತು ಹಿಡಿಯಲಾರೆ ಅಂತಲೂ ಹೇಳಿಬಿಟ್ಟ. ಅಂದರೆ ಕೊಲೆಗಾರನಿಗೆ ಸಿಕ್ಕಿದ್ದು ಹತ್ತು ನಿಮಿಷಕ್ಕಿಂತ ಕಡಿಮೆ. ಕತ್ತಲಲ್ಲಿ ಅಷ್ಟು ಹೊತ್ತಿನಲ್ಲಿ ಅವನು ಮೂತ್ರಪಿಂಡ ತೆಗೆದಿದ್ದ. ಡಾಕ್ಟರೇ ಇರಬೇಕು ಅಂತ ಕೆಲವರು, ಕಟುಕನಿಗೂ ಅಷ್ಟು ಗೊತ್ತಿರುತ್ತದೆ ಅಂತ ಕೆಲವರು. ಆ ಜಗಳ ಇನ್ನೂ ಮುಗಿದಿಲ್ಲ.

ನಿಮ್ಮ ಪ್ರಶ್ನೆಗೆ ಬೇಕಾದ್ದು ಇದರ ನಂತರ ನಡೆದದ್ದು. ಶವಾಗಾರದಲ್ಲಿ ಸಿಟಿ ಪೊಲೀಸರು (ಲಂಡನ್ನಿನ ಹಳೇ ನಡುಭಾಗಕ್ಕೆ ಬೇರೆಯೇ ಇರುವ ಪೊಲೀಸ್ ಪಡೆ) ಆಕೆಯ ಮೈಮೇಲೆ ಇದ್ದದ್ದೆಲ್ಲ ಪಟ್ಟಿ ಮಾಡಿದರು. ಇವತ್ತಿನ ನಮ್ಮ ಎಷ್ಟೋ ಮಹಜರುಗಳಿಗಿಂತ ಅಚ್ಚುಕಟ್ಟು ಅದು. ಕಪ್ಪು ಹುಲ್ಲಿನ ಟೋಪಿ, ಹಸಿರು ಮತ್ತು ಕಪ್ಪು ವೆಲ್ವೆಟ್ ಅಂಚು, ಕಪ್ಪು ಮಣಿ. ನಕಲಿ ತುಪ್ಪಳದ ಕಾಲರಿನ ಕಪ್ಪು ಜಾಕೆಟ್. ಹೂವಿನ ಚಿತ್ತಾರದ ಹಸಿರು ಚೀಟಿ ಬಟ್ಟೆಯ ಲಂಗ. ಗಂಡಸರದೊಂದು ಬಿಳಿ ವೇಸ್ಟ್‌ಕೋಟು. ಗಂಡಸರದೇ ಒಂದು ಜೊತೆ ಬೂಟು. ಕತ್ತಿಗೆ ಕಟ್ಟಿಕೊಂಡ ಕೆಂಪು ತೆಳು ರೇಷ್ಮೆ ತುಂಡು. ಹಳೇ ಬಿಳಿ ಏಪ್ರನ್. ಜೇಬುಗಳಲ್ಲಿ ಚಿಕ್ಕ ಮಣ್ಣಿನ ಚಿಲುಮೆ ಎರಡು, ಟೀ ಪುಡಿಯ ಡಬ್ಬಿ ಒಂದು, ಸಕ್ಕರೆ ಡಬ್ಬಿ ಒಂದು, ಸೋಪಿನ ಚೂರು ಆರು, ಬಿಳಿ ಬಟ್ಟೆಯ ತುಂಡು ಹನ್ನೆರಡು, ಬಾಚಣಿಗೆ, ಬಿಳಿ ಹಿಡಿಯ ಟೇಬಲ್ ಚಾಕು, ಚಮಚ, ಕೆಂಪು ಚರ್ಮದ ಸಿಗರೇಟು ಡಬ್ಬಿ, ಖಾಲಿ ಬೆಂಕಿಪೆಟ್ಟಿಗೆ, ಗುಂಡುಸೂಜಿ ಮತ್ತು ಸೂಜಿ ಚುಚ್ಚಿಟ್ಟ ಫ್ಲಾನೆಲ್ ಚೂರು, ಸೆಣಬಿನ ಉಂಡೆ, ಕನ್ನಡಕದ ಒಂದು ಭಾಗ, ಒಂದೇ ಒಂದು ಕೆಂಪು ಕೈಗವಸು, ಸಾಸಿವೆ ಡಬ್ಬಿಯೊಂದು. ದುಡ್ಡು ಇರಲಿಲ್ಲ. ಮನೆಯಿಲ್ಲದವಳು ತನ್ನ ಮನೆಯನ್ನೇ ಜೇಬಿನಲ್ಲಿ ಹೊತ್ತುಕೊಂಡಿದ್ದಳು ಅಂದುಕೊಳ್ಳಿ.

ಸೋಪಿನ ಚೂರನ್ನೂ ಎಣಿಸಿದ ಈ ಪಟ್ಟಿಯಲ್ಲಿ ಆಳುದ್ದ ಮೀರಿದ ರೇಷ್ಮೆ ಶಾಲು ಇಲ್ಲ.

ಹಾಗಾದರೆ ಅದು ಬಂದಿದ್ದು ಎಲ್ಲಿಂದ? ಏಮಸ್ ಸಿಂಪ್ಸನ್ ಅನ್ನುವ ಪೊಲೀಸಿನವನು ಆ ರಾತ್ರಿ ಅಲ್ಲಿಂದ ಎತ್ತಿಕೊಂಡು ಹೋಗಿ ಹೆಂಡತಿಗೆ ಕೊಟ್ಟ, ಮನೆತನದಲ್ಲಿ ಉಳಿದು ಬಂತು ಅಂತ ಕಥೆ. ಸಿಂಪ್ಸನ್ ಇದ್ದದ್ದು ಮೆಟ್ರೋಪಾಲಿಟನ್ ಪೊಲೀಸಿನಲ್ಲಿ, ಅಂದರೆ ಲಂಡನ್ನಿನ ಉಳಿದ ಭಾಗ ನೋಡಿಕೊಳ್ಳುವ ಸ್ಕಾಟ್ಲೆಂಡ್ ಯಾರ್ಡಿನ ಪಡೆಯಲ್ಲಿ. ಮೈಟರ್ ಸ್ಕ್ವೇರ್ ಇರುವುದು ಸಿಟಿ ಪೊಲೀಸರ ಸರಹದ್ದಿನಲ್ಲಿ. ಅವನು ಅಲ್ಲಿದ್ದ ಅನ್ನುವುದಕ್ಕೆ ಆ ಕಾಲದ ದಾಖಲೆ ಒಂದೂ ಇಲ್ಲ. ಬೂಟು ಗಿರವಿ ಇಟ್ಟು ತಿಂಡಿ ತಿಂದವರ ಮನೆಯಲ್ಲಿ ಅಂಥಾ ಶಾಲು ಇದ್ದಿದ್ದರೆ ಬೂಟಿಗಿಂತ ಮೊದಲು ಅದೇ ಗಿರವಿ ಅಂಗಡಿ ಸೇರುತ್ತಿತ್ತು, ಅಲ್ವಾ?

ಈ ಶಾಲನ್ನು ಒಬ್ಬ ಉದ್ಯಮಿ 2007ರಲ್ಲಿ ಹರಾಜಿನಲ್ಲಿ ಕೊಂಡರು. 2014ರಲ್ಲಿ ಡಿಎನ್‌ಎ ಸಿಕ್ಕಿತು, ಕೊಲೆಗಾರ ಪೋಲೆಂಡಿನಿಂದ ಬಂದಿದ್ದ ಕ್ಷೌರಿಕ ಆರನ್ ಕೊಸ್ಮಿನ್‌ಸ್ಕಿ ಅಂತ ಸುದ್ದಿಯಾಯಿತು. ಆಗ ಮುಂದಿಟ್ಟ ದೊಡ್ಡ ಸಾಕ್ಷಿ ಡಿಎನ್‌ಎಯಲ್ಲಿನ ಒಂದು ಬದಲಾವಣೆ. 2,90,000 ಜನರಲ್ಲಿ ಒಬ್ಬರಿಗೆ ಮಾತ್ರ ಇರುವಂಥದ್ದು, ಎಡೋಸ್‌ಳ ವಂಶದವರಲ್ಲೂ ಇದೆ ಅಂದರು. ಬೇರೆ ತಜ್ಞರು ನೋಡಿದರೆ ಅದರ ನಂಬರೇ ತಪ್ಪಾಗಿ ಬರೆದಿತ್ತು. ಸರಿಯಾದ ನಂಬರಿನ ಬದಲಾವಣೆ ಯುರೋಪ್ ಮೂಲದ ಶೇಕಡಾ 99ಕ್ಕೂ ಜಾಸ್ತಿ ಜನರಲ್ಲಿ ಇರುವಂಥದ್ದು! ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಹೊಂದುವ ಬೀಗದ ಕೈಯನ್ನು ಕಳ್ಳನ ಜೇಬಿನಲ್ಲಿ ಹುಡುಕಿ ಏನು ಪ್ರಯೋಜನ?

2019ರಲ್ಲಿ ಒಂದು ಫೋರೆನ್ಸಿಕ್ ಜರ್ನಲ್‌ನಲ್ಲಿ ಪ್ರಬಂಧ ಬಂತು. ಅಲ್ಲಿ ಡಿಎನ್‌ಎಯ ಅಕ್ಷರಗಳ ಬದಲು ಬಣ್ಣ ಬಣ್ಣದ ಚೌಕ ಹಾಕಿದ್ದರು. ನಮ್ಮ ವೃತ್ತಿಯಲ್ಲಿ ಇದು ಲೆಕ್ಕ ತೋರಿಸದೆ ಉತ್ತರ ಮಾತ್ರ ಬರೆದ ಹಾಗೆ. ಬೇರೆ ಯಾರೂ ಪರೀಕ್ಷಿಸಿ ನೋಡುವ ಹಾಗಿಲ್ಲ. ಮೇಲಾಗಿ ಅವರು ನೋಡಿದ್ದು ಮೈಟೋಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ತಲೆಮಾರುಗಟ್ಟಲೆ ಬದಲಾಗದೆ ಸಾಗುತ್ತದೆ. ನಿಮ್ಮದು, ನಿಮ್ಮ ತಾಯಿಯದು, ಅಜ್ಜಿಯದು, ದೊಡ್ಡಮ್ಮ ಚಿಕ್ಕಮ್ಮಂದಿರದು, ಅವರ ಮಕ್ಕಳದು ಎಲ್ಲ ಒಂದೇ. ಗುರುತೇ ಇಲ್ಲದ ಸಾವಿರಾರು ಜನರಿಗೂ ಅದೇ ಇರಬಹುದು. "ಇವನಲ್ಲ" ಅಂತ ಹೇಳಲು ಅದು ಬಹಳ ಒಳ್ಳೆಯದು. "ಇವನೇ" ಅಂತ ಹೇಳಲು ಸಾಲದು. ಅದೂ ಅಲ್ಲದೆ ಆ ಶಾಲನ್ನು ಎಷ್ಟು ಜನ ಮುಟ್ಟಿದ್ದಾರೋ ಲೆಕ್ಕವಿಲ್ಲ. ಎಡೋಸ್‌ಳ ವಂಶದವರೇ ಅದರ ಹತ್ತಿರ ಬಂದಿದ್ದರು ಅನ್ನುವ ಆಕ್ಷೇಪವೂ ಇದೆ. ಸುಮ್ನೆ ಅದನ್ನು ಬಿಡಿಸಿ ನೋಡುತ್ತಾ ಒಬ್ಬರು ಮಾತಾಡಿದರೂ ಸಾಕು, ಅವರ ಎಂಜಲಿನ ಡಿಎನ್‌ಎ ಅದರ ಮೇಲೆ ಬೀಳುತ್ತದೆ. ಕೊನೆಗೆ ಆ ಜರ್ನಲ್ಲೇ ಪ್ರಬಂಧದ ಬಗ್ಗೆ ಎಚ್ಚರಿಕೆಯ ಟಿಪ್ಪಣಿ ಹಾಕಿತು. ವಾಟ್ಸಾಪಿಗೆ ಆ ಭಾಗ ಬರಲಿಲ್ಲ, ನೋಡಿ.

ಕೊಸ್ಮಿನ್‌ಸ್ಕಿ ಹೆಸರು ಸುಮ್ಮನೆ ಬಂದದ್ದಲ್ಲ ಅನ್ನುವುದನ್ನೂ ಹೇಳಬೇಕು. 1894ರಲ್ಲಿ ಸ್ಕಾಟ್ಲೆಂಡ್ ಯಾರ್ಡಿನ ಮೆಲ್ವಿಲ್ ಮ್ಯಾಕ್‌ನಾಟನ್ ಒಂದು ಟಿಪ್ಪಣಿ ಬರೆದಿಟ್ಟ. ಬಲಿಯಾದವರು ಐವರೇ ಅಂದವನು ಇವನೇ. ಮೂವರನ್ನು ಹೆಸರಿಸಿದ: ಡ್ರೂಟ್, ಕೊಸ್ಮಿನ್‌ಸ್ಕಿ, ಓಸ್ಟ್ರಾಗ್. ತಮಾಷೆಯೆಂದರೆ ಕೊಲೆಗಳ ಕಾಲಕ್ಕೆ ಮ್ಯಾಕ್‌ನಾಟನ್ ಪೊಲೀಸೇ ಅಲ್ಲ. ಅದಕ್ಕೆ ಮೊದಲು ಬಂಗಾಳದಲ್ಲಿ ಅಪ್ಪನ ಎಸ್ಟೇಟು ನೋಡಿಕೊಂಡಿದ್ದವನು, ಇಲಾಖೆ ಸೇರಿದ್ದು 1889ರಲ್ಲಿ. ಅವನ ಟಿಪ್ಪಣಿಯಲ್ಲಿ ಡ್ರೂಟ್ ಡಾಕ್ಟರು, ವಯಸ್ಸು 41. ನಿಜವಾಗಿ ಡ್ರೂಟ್ ವಕೀಲ ಮತ್ತು ಶಾಲಾ ಮೇಷ್ಟ್ರು, ವಯಸ್ಸು 31. 1888ರ ಕೊನೆಯ ದಿನ ಥೇಮ್ಸ್ ನದಿಯಲ್ಲಿ ಅವನ ಹೆಣ ಸಿಕ್ಕಿತು. ಓಸ್ಟ್ರಾಗ್ ಕೊಲೆಗಳ ಹೊತ್ತಿಗೆ ಫ್ರಾನ್ಸಿನ ಜೈಲಿನಲ್ಲಿದ್ದ. ತನಿಖೆಯ ಉಸ್ತುವಾರಿ ಹೊತ್ತಿದ್ದ ಡೊನಾಲ್ಡ್ ಸ್ವಾನ್‌ಸನ್ ಕೂಡ ಒಂದು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಕೊಸ್ಮಿನ್‌ಸ್ಕಿಯೇ ಶಂಕಿತ ಅಂತ ಬರೆದಿದ್ದಾನೆ, ಹುಚ್ಚಾಸ್ಪತ್ರೆ ಸೇರಿದ ಸ್ವಲ್ಪ ದಿನಕ್ಕೇ ಸತ್ತ ಅಂತಲೂ ಬರೆದಿದ್ದಾನೆ. ಆರನ್ ಕೊಸ್ಮಿನ್‌ಸ್ಕಿ 1891ರಲ್ಲಿ ಆಸ್ಪತ್ರೆ ಸೇರಿದ್ದು ನಿಜ, ಆದರೆ ಬದುಕಿದ್ದು 1919ರವರೆಗೆ. ದೊಡ್ಡ ಅಧಿಕಾರಿಗಳ ನೆನಪು ಇಷ್ಟು ಸಡಿಲ ಇರುವಾಗ, ಅವರ ಅನುಮಾನದ ಮೇಲೆ ಒಬ್ಬ ಬಡ ವಲಸೆಗಾರನ ಕತ್ತಿಗೆ ನೂರಾರು ವರ್ಷದ ಮೇಲೆ ಹಗ್ಗ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನಿಮ್ಮ ಮೇಷ್ಟ್ರ ರಾಜಕುಮಾರ. ಪ್ರಿನ್ಸ್ ಆಲ್ಬರ್ಟ್ ವಿಕ್ಟರ್. ಬೆಂಗಳೂರಿನವರಿಗೆ ಈತ ಪರಿಚಯವೇ, ಹೆಸರು ಮರೆತಿರಬಹುದು ಅಷ್ಟೆ. 1889ರ ನವೆಂಬರ್ 30ರಂದು ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು ಇವನೇ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಯಾರಿಗೆ ಅದು ಹೊಳೆಯುತ್ತದೆ ಬಿಡಿ. ಇವನು ಕೊಲೆಗಾರ ಅನ್ನುವ ಮಾತು ಜೋರಾಗಿ ಹುಟ್ಟಿದ್ದು 1970ರ ಹೊತ್ತಿಗೆ, ಅವನು ಸತ್ತು ಮುಕ್ಕಾಲು ಶತಮಾನ ದಾಟಿದ ಮೇಲೆ. ಅರಮನೆಯವರು ಎಲ್ಲಿ ಉಂಡರು ಎಲ್ಲಿ ಮಲಗಿದರು ಅನ್ನುವುದಕ್ಕೆಲ್ಲ ದಾಖಲೆ ಇರುತ್ತದೆ. ಸ್ಟ್ರೈಡ್, ಎಡೋಸ್ ಸತ್ತ ರಾತ್ರಿ ಇವನು ಸ್ಕಾಟ್ಲೆಂಡಿನಲ್ಲಿದ್ದ. ಮಾರನೇ ಮಧ್ಯಾಹ್ನ ಅಜ್ಜಿಯ ಜೊತೆಗೇ ಊಟ. ನವೆಂಬರ್ 9ರಂದು ಸ್ಯಾಂಡ್ರಿಂಗ್‌ಹ್ಯಾಮಿನಲ್ಲಿ. ಆ ದಿನ ಅವನ ಅಪ್ಪನ ಹುಟ್ಟುಹಬ್ಬ. ಮೇಷ್ಟ್ರಿಗೆ ಬೇಜಾರಾಗದ ಹಾಗೆ ಹೇಳಿ.

ಸರಿ, ಯಾಕೆ ಸಿಗಲಿಲ್ಲ?

ಪೊಲೀಸರು ಕೈ ಕಟ್ಟಿ ಕೂತಿರಲಿಲ್ಲ. ಸ್ವಾನ್‌ಸನ್‌ನ ಅಕ್ಟೋಬರ್ ವರದಿಯ ಪ್ರಕಾರ ಮನೆ ಮನೆಗೆ 80,000 ಕರಪತ್ರ ಹಂಚಿದ್ದರು, ಸುಮಾರು 80 ಜನರನ್ನು ಠಾಣೆಯಲ್ಲಿ ಹಿಡಿದಿಟ್ಟು ವಿಚಾರಿಸಿದ್ದರು, 300ಕ್ಕೂ ಹೆಚ್ಚು ಜನರ ಓಡಾಟದ ಮೇಲೆ ತನಿಖೆ ನಡೆದಿತ್ತು, 76 ಕಟುಕರ ಅಂಗಡಿಗಳಿಗೆ ಹೋಗಿ ಬಂದಿದ್ದರು. ಆದರೆ ಕೊಲೆಯ ತನಿಖೆ ಆಗ ನಡೆಯುತ್ತಿದ್ದದ್ದು ಒಂದೇ ದಾರಿಯಲ್ಲಿ: ಸತ್ತವರಿಗೂ ಕೊಂದವನಿಗೂ ಏನು ಸಂಬಂಧ, ಏನು ದ್ವೇಷ? ಗುರುತು ಪರಿಚಯ ಇಲ್ಲದವನು ಬಂದು ಕೊಂದು ಹೋದರೆ ಆ ದಾರಿ ಮುಚ್ಚಿಹೋಗುತ್ತದೆ. ಉಳಿಯುವುದು ಎರಡೇ, ಕಂಡವರು ಮತ್ತು ಕುರುಹು.

ಕಂಡವರು ಸಿಗುವ ಜಾಗವಲ್ಲ ಅದು. ನಾಲ್ಕು ಪೆನ್ನಿಗೆ ಒಂದು ರಾತ್ರಿಯ ಹಾಸಿಗೆ ಬಾಡಿಗೆಗೆ ಕೊಡುವ ಲಾಡ್ಜುಗಳು ಸಾಲು ಸಾಲು. ಇವತ್ತು ಇದ್ದವರು ನಾಳೆ ಇಲ್ಲ. ಮೇರಿ ಆನ್ ನಿಕೋಲ್ಸ್‌ಳ ಹತ್ತಿರ ಸತ್ತ ರಾತ್ರಿ ಆ ನಾಲ್ಕು ಪೆನ್ನಿ ಇರಲಿಲ್ಲ; ನನ್ನ ಹೊಸ ಟೋಪಿ ಎಷ್ಟು ಚೆನ್ನಾಗಿದೆ ನೋಡು, ದುಡ್ಡು ಬೇಗ ತರುತ್ತೇನೆ ಅಂತ ನಗುತ್ತಾ ಹೊರಗೆ ಹೋದವಳು. ಆನಿ ಚಾಪ್‌ಮನ್ ಸತ್ತ ಹ್ಯಾನ್‌ಬರಿ ಸ್ಟ್ರೀಟಿನ 29ನೇ ನಂಬರ್ ಮನೆಯಲ್ಲಿ 17 ಜನ ವಾಸವಿದ್ದರು. ಹಿತ್ತಲಿಗೆ ಹೋಗುವ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ, ಯಾರು ಬೇಕಾದರೂ ಬರಬಹುದಿತ್ತು. ಐವರನ್ನೂ ಸಾರಾಸಗಟಾಗಿ ಸೂಳೆಯರು ಅಂತ ಬರೆಯುವ ರೂಢಿ ಇದೆ. ದಾಖಲೆ ಓದಿದರೆ ಅಷ್ಟು ಸಲೀಸಲ್ಲ. ಎಲ್ಲರಿಗೂ ಸಮನಾಗಿ ಅನ್ವಯಿಸುವುದು ಬಡತನ ಒಂದೇ, ಬಹುತೇಕರಿಗೆ ಕುಡಿತ.

ಕುರುಹಿನ ವಿಷಯ ನನ್ನ ಕ್ಷೇತ್ರ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಬಟ್ಟೆಯ ಮೇಲಿನ ರಕ್ತ ಮನುಷ್ಯನದೋ ಕುರಿಯದೋ ಅಂತ ಖಚಿತವಾಗಿ ಹೇಳುವ ಪರೀಕ್ಷೆ ಜರ್ಮನಿಯಲ್ಲಿ ಬಂದದ್ದು 1901ರಲ್ಲಿ. ರಕ್ತದ ಗುಂಪುಗಳು ಗೊತ್ತಾದದ್ದೂ ಅದೇ ವರ್ಷ. ಕಸಾಯಿಖಾನೆಗಳ ನಡುವಿನ ವೈಟ್‌ಚಾಪೆಲ್‌ನಲ್ಲಿ ತೋಳಿಗೆ ರಕ್ತ ಅಂಟಿಸಿಕೊಂಡು ನಡೆಯುವವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೆರಳಚ್ಚಂತೂ ಇನ್ನೂ ಸಂಕಟದ್ದು. ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನುವ ಅಧಿಕಾರಿ 1858ರಲ್ಲೇ ಕರಾರು ಪತ್ರಕ್ಕೆ ಅಂಗೈ ಅಚ್ಚು ಒತ್ತಿಸಿಕೊಂಡಿದ್ದ. 1888ರ ಡಿಸೆಂಬರಿನಲ್ಲಿ ಲಂಡನ್ ಪೊಲೀಸ್ ಕಮಿಷನರ್ ಆದ ಜೇಮ್ಸ್ ಮನ್ರೋ ಹಿಂದೆ ಬಂಗಾಳ ಪೊಲೀಸಿನ ಮುಖ್ಯಸ್ಥ. ಆದರೂ ಬೆರಳಚ್ಚಿನ ವಿಭಾಗ ಕಲ್ಕತ್ತೆಯಲ್ಲಿ ಶುರುವಾದದ್ದು 1897ರಲ್ಲಿ, ಸ್ಕಾಟ್ಲೆಂಡ್ ಯಾರ್ಡಿನಲ್ಲಿ 1901ರಲ್ಲಿ.

ಇದ್ದ ಒಂದೆರಡು ಕುರುಹುಗಳ ಗತಿ ಕೇಳಿ. ಎಡೋಸ್‌ಳ ಏಪ್ರನ್ನಿನ ಹರಿದ ತುಂಡು, ರಕ್ತ ಅಂಟಿದ್ದು, ಅದೇ ರಾತ್ರಿ ಗೋಲ್‌ಸ್ಟನ್ ಸ್ಟ್ರೀಟಿನ ಒಂದು ಬಾಗಿಲ ಬಳಿ ಸಿಕ್ಕಿತು. ಕೊಲೆಗಾರ ಯಾವ ದಿಕ್ಕಿಗೆ ಹೋದ ಅಂತ ಹೇಳುವ ಏಕೈಕ ವಸ್ತು ಅದು. ಅದರ ಮೇಲುಗಡೆ ಗೋಡೆಯಲ್ಲಿ ಸೀಮೆಸುಣ್ಣದಲ್ಲಿ ಯಹೂದಿಗಳ ಬಗ್ಗೆ ಒಂದು ಸಾಲು ಬರೆದಿತ್ತು. ಸಿಟಿ ಪೊಲೀಸರು ಫೋಟೋ ತೆಗೆಸೋಣ, ಬೆಳಕಾಗಲಿ ಅಂದರು. ಆ ಬೀದಿ ಮೆಟ್ರೋಪಾಲಿಟನ್ ಪೊಲೀಸರದು. ಅವರ ಕಮಿಷನರ್ ಸರ್ ಚಾರ್ಲ್ಸ್ ವಾರನ್ ಖುದ್ದಾಗಿ ಬಂದು ಅಳಿಸಿಹಾಕಿಸಿದ. ಜನ ನೋಡಿದರೆ ಯಹೂದಿಗಳ ಮೇಲೆ ಬೀಳುತ್ತಾರೆ ಅನ್ನುವ ಭಯ ಸುಳ್ಳಲ್ಲ. ಮೂರು ವಾರದ ಹಿಂದೆಯಷ್ಟೇ ಜಾನ್ ಪೈಜರ್ ಅನ್ನುವ ಯಹೂದಿ ಚಮ್ಮಾರನನ್ನು ಸುಮ್ಮನೆ ಅನುಮಾನದ ಮೇಲೆ ಹಿಡಿದು, ಊರೆಲ್ಲ ಕೆರಳಿ, ಆಮೇಲೆ ಬಿಟ್ಟಿದ್ದರು. ಆದರೂ ಒಂದು ಬಟ್ಟೆ ಅಡ್ಡ ಕಟ್ಟಿ ಎರಡು ಗಂಟೆ ಕಾಯಬಹುದಿತ್ತು. ಅಕ್ಷರ ಕೊಲೆಗಾರನದೇ ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು.

ಮೇರಿ ಕೆಲ್ಲಿಯ ಕೋಣೆಯದು ಇನ್ನೊಂದು ಕಥೆ. 29 ಶಿಲ್ಲಿಂಗ್ ಬಾಡಿಗೆ ಬಾಕಿ ಕೇಳಲು ಹೋದವನು ಬೆಳಿಗ್ಗೆ 10:45ಕ್ಕೆ ಕಿಟಕಿಯಲ್ಲಿ ಇಣುಕಿ ಹೆಣ ನೋಡಿದ. ಪೊಲೀಸರು ಬಂದು ಬಾಗಿಲು ಒಡೆಯದೆ ಮಧ್ಯಾಹ್ನ 1:30ರವರೆಗೆ ಹೊರಗೇ ನಿಂತರು. ವಾಸನೆ ಹಿಡಿಯುವ ನಾಯಿಗಳು ಬರುತ್ತವೆ ಅಂತ. ನಾಯಿಗಳು ಲಂಡನ್ನಿನಲ್ಲೇ ಇರಲಿಲ್ಲ.

"ಜ್ಯಾಕ್ ದಿ ರಿಪ್ಪರ್" ಅನ್ನುವ ಹೆಸರೂ ಅವನದಲ್ಲ ಅಂತಲೇ ನನ್ನ ಅಭಿಪ್ರಾಯ. ಅದು ಬಂದದ್ದು ಸೆಪ್ಟೆಂಬರ್ 27ರಂದು ಒಂದು ಸುದ್ದಿಸಂಸ್ಥೆಗೆ ತಲುಪಿದ ಕಾಗದದಲ್ಲಿ. ಪತ್ರಕರ್ತನೊಬ್ಬನೇ ಬರೆದದ್ದು ಅಂತ ಪೊಲೀಸ್ ಅಧಿಕಾರಿಗಳೇ ನಂಬಿದ್ದರು. ಕಾಗದ ಪ್ರಚಾರವಾದ ಮೇಲೆ ಅದೇ ಹೆಸರಿನಲ್ಲಿ ನೂರಾರು ಕಾಗದ ಬಂದು ಬಿದ್ದವು. ಒಂದೊಂದನ್ನೂ ವಿಚಾರಿಸಬೇಕಾಯಿತು. ಈಗಲೂ ಶಂಕಿತರ ಪಟ್ಟಿ ನೂರು ದಾಟಿದೆ, ಚಿತ್ರಕಾರರಿಂದ ಹಿಡಿದು ನಿಕೋಲ್ಸ್‌ಳ ಹೆಣ ಮೊದಲು ಕಂಡ ಗಾಡಿಯವನವರೆಗೆ.

ಅಂದ ಹಾಗೆ ಆ ಸಾಸಿವೆ ಡಬ್ಬಿಯ ವಿಷಯ ಬಾಕಿ ಉಳಿಯಿತು. ಅದರಲ್ಲಿ ಎರಡು ಗಿರವಿ ಚೀಟಿ ಇದ್ದವು. ಹೆಣದ ಗುರುತು ಇನ್ನೂ ಸಿಕ್ಕಿರಲಿಲ್ಲ. ಠಾಣೆಯಿಂದ ಬಿಡುವಾಗ ಆಕೆ ಕೊಟ್ಟಿದ್ದ ಹೆಸರೂ ವಿಳಾಸವೂ ಸುಳ್ಳು. ಚೀಟಿಯ ವಿವರ ಪೇಪರಿನಲ್ಲಿ ಬಂತು. ಒಂದು ಫ್ಲಾನೆಲ್ ಅಂಗಿಯದು, ಕೊಯ್ಲಿನ ಜಾಗದಲ್ಲಿ ಪರಿಚಯವಾದ ಹೆಂಗಸು ಕೊಟ್ಟಿದ್ದು. ಇನ್ನೊಂದು ಒಂದು ಜೊತೆ ಬೂಟಿನದು, ಜೇನ್ ಕೆಲ್ಲಿ ಅನ್ನುವ ಹೆಸರಿನಲ್ಲಿ. ಅದನ್ನು ಓದಿದ ಜಾನ್ ಕೆಲ್ಲಿ ಅಕ್ಟೋಬರ್ 2ರಂದು ಬಿಷಪ್ಸ್‌ಗೇಟ್ ಠಾಣೆಗೆ ಬಂದು, ಆ ಬೂಟು ನನ್ನದು ಅಂದ.